ಬನ್ನು, ಗೋಬಿ, ಆಹಾರಶುದ್ಧಿ

ಆಹಾರ ಶುದ್ಧವಾಗಿದ್ದರೆ ಮನಸ್ಸೂ ಶುದ್ಧವಾಗುತ್ತದೆ ಎಂಬ ವಿಚಾರ ಛಾಂದೋಗ್ಯ ಉಪನಿಷತ್ತಿನ ಏಳನೆಯ ಅಧ್ಯಾಯದ ಕೊನೆಯಲ್ಲಿ ಬರುತ್ತದೆ. ಆಹಾರವೆಂದರೆ ಯಾವುದು ಎಂಬಲ್ಲಿಯೇ ಇಬ್ಬರು ಆಚಾರ್ಯರ ದಾರಿ ಬೇರೆಯಾಗುತ್ತದೆ. ಶಂಕರರ ಪ್ರಕಾರ ಇಂದ್ರಿಯಗಳು ಒಳಗೆ ತಂದುಕೊಳ್ಳುವುದೆಲ್ಲ ಆಹಾರ. ಹಾಗೆ ಬಂದ ಅರಿವಿಗೆ ರಾಗ, ದ್ವೇಷ, ಮೋಹಗಳು ಅಂಟದಿರುವುದೇ ಶುದ್ಧಿ. ರಾಮಾನುಜರು ಎಲೆಯ ಮೇಲಿನ ಅನ್ನವನ್ನೇ ಹಿಡಿದರು. ಹಳೆಯ ವಾಕ್ಯಕಾರನನ್ನು ಅನುಸರಿಸಿ ಅವರು ಶ್ರೀಭಾಷ್ಯದಲ್ಲಿ ಅನ್ನಕ್ಕೆ ಮೂರು ದೋಷಗಳನ್ನು ಹೇಳುತ್ತಾರೆ: ಜಾತಿ, ಆಶ್ರಯ, ನಿಮಿತ್ತ. ಬೆಳ್ಳುಳ್ಳಿಯಂತೆ ಪದಾರ್ಥದ ಹುಟ್ಟುಗುಣದಿಂದ ಬರುವುದು ಜಾತಿದೋಷ. ಕೂದಲು ಬಿದ್ದೋ ಎಂಜಲಾಗಿಯೋ ಬರುವುದು ನಿಮಿತ್ತದೋಷ. ಅನ್ನ ಯಾರದು ಎಂಬುದರಿಂದ ಬರುವುದು ಆಶ್ರಯದೋಷ. ಇಂದಿನ ಕನ್ನಡದಲ್ಲಿ ಜಾತಿ ಎನ್ನುವುದು ಆ ಮೊದಲನೆಯ ದೋಷದಲ್ಲಿಲ್ಲ, ಈ ಕೊನೆಯದರಲ್ಲಿ ಅಡಗಿದೆ.

ಈ ಮೂರನ್ನೂ ಒರೆಗೆ ಹಚ್ಚಲು ಬೆಂಗಳೂರಿನ ಯಾವುದೇ ಹಳೆಯ ಬಡಾವಣೆಯ ಬೀದಿ ಸಾಕು. ಒಂದು ತುದಿಗೆ ಅಯ್ಯಂಗಾರ್ ಬೇಕರಿ, ಇನ್ನೊಂದು ತುದಿಗೆ ಗೋಬಿ ಮಂಚೂರಿಯ ಬಾಣಲೆ. ಅಯ್ಯಂಗಾರ್ ಬೇಕರಿಗಳ ಮೂಲವನ್ನು 1898ರಲ್ಲಿ ಚಿಕ್ಕಪೇಟೆಯಲ್ಲಿ ತಿರುಮಲಾಚಾರ್ ಆರಂಭಿಸಿದ ಬಿ.ಬಿ. ಬೇಕರಿಗೆ ಒಯ್ಯುತ್ತಾರೆ, ವಿಶ್ವೇಶ್ವರಪುರದ ತಿಂಡಿ ಬೀದಿಯ ವಿ.ಬಿ. ಬೇಕರಿ 1953ರದು. ಈ ಕಸುಬು ಹಿಡಿದ ಕುಟುಂಬಗಳಲ್ಲಿ ಬಹಳಷ್ಟು ಹಾಸನದ ಕಡೆಯವು. ಅಯ್ಯಂಗಾರರು ರಾಮಾನುಜರ ಅನುಯಾಯಿಗಳು. ಆಶ್ರಯದೋಷವನ್ನು ಎಣಿಸಿದ ಸಂಪ್ರದಾಯದ ಹೆಸರೇ ಬೋರ್ಡಿಗೇರಿ, ಇಲ್ಲಿ ಆ ದೋಷವಿಲ್ಲವೆಂದು ಗಿರಾಕಿಗೆ ಅಭಯ ಕೊಟ್ಟಿತು. ಬ್ರೆಡ್ಡು ಆಗ ಪರಂಗಿಯವರ ತಿಂಡಿ. ಅದರಲ್ಲಿ ಮೊಟ್ಟೆ ಇದೆಯೋ, ಯಾರು ನಾದಿದರೋ ಎಂಬ ಅಳುಕನ್ನು ಈ ಒಂದು ಪದ ಕಳೆಯಿತು. ಈಗ ಇದೇ ಹೆಸರಿನ ಎಷ್ಟೋ ಅಂಗಡಿಗಳ ಒಲೆಯ ಮುಂದೆ ಬೇರೆ ಬೇರೆ ಸಮುದಾಯದವರಿದ್ದಾರೆ. ಆಶ್ರಯ ಬದಲಾದರೂ ಬೋರ್ಡು ಬದಲಾಗಿಲ್ಲ, ಗಿರಾಕಿಯೂ ಕೇಳಿಲ್ಲ.

ಧರ್ಮಶಾಸ್ತ್ರಗಳಿಗೆ ಅಂಗಡಿಯ ತಿಂಡಿ ಹೊಸ ಸಮಸ್ಯೆಯಲ್ಲ. ಆಪಸ್ತಂಬ ಧರ್ಮಸೂತ್ರ ಪೇಟೆಯಲ್ಲಿ ಕೊಂಡ ಅನ್ನವನ್ನು ಬೇಡವೆನ್ನುತ್ತದೆ. ಮನುಸ್ಮೃತಿಯಾದರೋ ಕುಶಲಕರ್ಮಿಯ ಕೈಯೂ ಮಾರಾಟಕ್ಕೆ ಹರಡಿದ ಸರಕೂ ಸದಾ ಶುದ್ಧ ಎನ್ನುತ್ತದೆ. ಬೇಯಿಸಿದ ಅಡುಗೆಗೆ ಈ ಮಾತು ಸಲ್ಲುತ್ತದೆಯೇ ಎಂಬುದು ತಕರಾರಿನ ವಿಷಯ. ಹಳಸಲನ್ನು ತಿನ್ನಬಾರದೆನ್ನುವ ಮನುಸ್ಮೃತಿಯೇ ಜವೆ, ಗೋಧಿಯ ಪದಾರ್ಥಗಳು ಹಳೆಯದಾದರೂ ತಿನ್ನಬಹುದು ಎಂದು ವಿನಾಯಿತಿ ಕೊಡುತ್ತದೆ; ರಸ್ಕು ಮಾರುವವರಿಗೆ ಇದಕ್ಕಿಂತ ಒಳ್ಳೆಯ ಆಧಾರ ಸಿಗಲಾರದು. ಮನೆಗಳಲ್ಲಿ ನಡೆದದ್ದು ಮಾತ್ರ ಗ್ರಂಥಕ್ಕಿಂತ ಸರಳವಾದ ಲೆಕ್ಕ. ಬೆಂದ ಅನ್ನ ಮುಸುರೆ. ಕರಿದ, ಒಣಗಿದ ತಿಂಡಿಗೆ ಅಷ್ಟು ಕಟ್ಟುನಿಟ್ಟಿಲ್ಲ. ಹೊರಗೆ ಅನ್ನ ಮುಟ್ಟದ ಮಡಿವಂತರ ಮನೆಗೂ ನಿಪ್ಪಟ್ಟು, ಕಾಂಗ್ರೆಸ್ ಕಡಲೇಕಾಯಿ ಪೊಟ್ಟಣದಲ್ಲಿ ಬಂದದ್ದು ಈ ಸಂದಿಯಿಂದ. ಪಲ್ಯದ ಬನ್ನಿನೊಳಗಿನ ಈರುಳ್ಳಿ ಅದರ ಹಿಂದೆಯೇ ನುಸುಳಿತು.

ಚೈನೀಸ್ ಅಂಗಡಿಯಲ್ಲಿ ಈ ಸಂದಿಯೂ ಇಲ್ಲ. ಫ್ರೈಡ್ ರೈಸ್ ಎಂದರೆ ಅನ್ನ, ಸಾಕ್ಷಾತ್ ಮುಸುರೆ. ಗೋಬಿ ಮಂಚೂರಿಯಲ್ಲಿ ಬೆಳ್ಳುಳ್ಳಿ, ಈರುಳ್ಳಿ ಎರಡೂ ಇವೆ. ಅಣಬೆ ಮಂಚೂರಿಯಾದರಂತೂ ದ್ವಿಜರಿಗೆ ಮನುಸ್ಮೃತಿ ನಿಷೇಧಿಸಿದ ಮೂರು ವಸ್ತುಗಳು ಒಂದೇ ತಟ್ಟೆಯಲ್ಲಿ. ಅಡುಗೆಯವನ ಕುಲಗೋತ್ರ ಯಾರಿಗೂ ಬೇಡ. ಇದು ನಿಜವಾದ ಚೀನಾದ ಅಡುಗೆಯೂ ಅಲ್ಲ. ಮಂಚೂರಿಯನ್ ಎಂಬ ಖಾದ್ಯ 1970ರ ದಶಕದಲ್ಲಿ ಮುಂಬಯಿಯಲ್ಲಿ ಹುಟ್ಟಿತೆಂಬುದು ರೂಢಿಯ ಮಾತು. ಚೀನಾದ ಬೌದ್ಧ ವಿಹಾರಗಳ ಅಡುಗೆಮನೆಗೆ ಮಾಂಸದಂತೆ ಈರುಳ್ಳಿ, ಬೆಳ್ಳುಳ್ಳಿಗಳೂ ಸಲ್ಲವು. ಘಾಟಿನ ಐದು ಸೊಪ್ಪುಗಡ್ಡೆಗಳನ್ನು ಬಿಡಬೇಕೆಂಬ ನಿಯಮ ಅಲ್ಲಿ ಶತಮಾನಗಳಿಂದ ಇದೆ. ಜಾತಿದೋಷದ ವಿಷಯದಲ್ಲಿ ಅಲ್ಲಿನ ಭಿಕ್ಷುವೂ ಮೇಲುಕೋಟೆಯ ವೈಷ್ಣವನೂ ಒಂದೇ ಪಂಕ್ತಿ. ಗಾಡಿಯ ಮುಂದೆ ಇಬ್ಬರಿಗೂ ಉಪವಾಸ.

ಆಶ್ರಯದೋಷವನ್ನು ತತ್ತ್ವವಾಗಿಯೇ ಅಲ್ಲಗಳೆದವರು ಹನ್ನೆರಡನೆಯ ಶತಮಾನದ ಶರಣರು. ಮಾದಾರ ಚೆನ್ನಯ್ಯನ ಅಂಬಲಿಯನ್ನು ಶಿವನೇ ಉಂಡನೆಂಬ ಕಥೆಯಲ್ಲಿ ಅನ್ನದ ಶುದ್ಧಿ ಮಾಡಿದವನ ಕುಲದಲ್ಲಿಲ್ಲ, ಅವನ ಭಕ್ತಿಯಲ್ಲಿದೆ. ಗೋಬಿಯ ಗಾಡಿಗೆ ಮುತ್ತುವ ಗಿರಾಕಿಗಳು ಶರಣರ ಮಾತಿಗೆ ಒಪ್ಪಿ ಬಂದವರಲ್ಲ. ಅವರನ್ನು ಕರೆತಂದದ್ದು ನಾಲಿಗೆ, ಮತ್ತು ಶಂಕರರ ಅರ್ಥದಲ್ಲಿ ದೋಷವಿರುವುದು ಅಲ್ಲಿಯೇ: ಬಾಣಲೆಯ ಘಮಕ್ಕೆ ಕಾಲು ತಾನೇ ತಿರುಗುವುದು ರಾಗ, ಮೊಟ್ಟೆ ಪಫ್ ಕಂಡು ಮುಖ ಸಿಂಡರಿಸುವುದು ದ್ವೇಷ. ಈ ಲೆಕ್ಕದಲ್ಲಿ ಮೊಟ್ಟೆಯಿಲ್ಲದ ಹನಿ ಕೇಕೂ ಪಾರಾಗದು.

ಮೂರನೆಯ ದೋಷವನ್ನು ಈಗ ಸರಕಾರ ನೋಡಿಕೊಳ್ಳುತ್ತಿದೆ. ಗೋಬಿಗೆ ಕೃತಕ ಬಣ್ಣ ಹಾಕುವುದನ್ನು ಕರ್ನಾಟಕ 2024ರ ಮಾರ್ಚ್‌ನಲ್ಲಿ ನಿಷೇಧಿಸಿತು. ಬಣ್ಣ ಪದಾರ್ಥದ ಹುಟ್ಟುಗುಣವಲ್ಲ, ಮಾಲೀಕನ ಕುಲದಿಂದಲೂ ಬಂದದ್ದಲ್ಲ. ಮೇಲಿನಿಂದ ಬಿದ್ದದ್ದು, ಕೂದಲಿನಂತೆ. ಹಳೆಯ ವಿಂಗಡಣೆಯಲ್ಲಿ ಅದಕ್ಕೆ ಜಾಗವಿರುವುದು ನಿಮಿತ್ತದಲ್ಲಿ. ಕೂದಲಾದರೆ ಉಣ್ಣುವವನ ಕಣ್ಣಿಗೆ ಬೀಳುತ್ತದೆ. ಬಣ್ಣ ಯಾವುದೆಂದು ತಿಳಿಯಲು ಗೋಬಿಯನ್ನು ಪ್ರಯೋಗಾಲಯಕ್ಕೆ ಕಳಿಸಬೇಕು.