ಶಯ್ಯೆಯ ಮೇಲಣ ಜಂಗಮ

ಸ್ಥಾವರಕ್ಕೆ ಕೇಳದೆಯೇ ನೀರೆರೆಯುತ್ತೇವೆ, ಕೇಳದೆಯೇ ಎಡೆಯಿಡುತ್ತೇವೆ, ಅದು ಬೇಡವೆನ್ನದು. ಜಂಗಮನಾದರೋ ಹಸಿವುಳ್ಳವನು, ಮಾತುಳ್ಳವನು. ಅವನ ಇಚ್ಛೆಯನ್ನರಿಯದೆ ಮಾಡಿದುದು ದಾಸೋಹವೆನಿಸದು. ಹಾಗಾದರೆ ಹಾಸಿಗೆ ಹಿಡಿದು ಏಳಲಾರದ ರೋಗಿಯು ಯಾವ ಪಕ್ಷದವನು?

ನಮ್ಮ ಸೀಮೆಯವರಿಗೆ ಇದು ಬರಿಯ ತರ್ಕವಲ್ಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆಯು ಸಾಗರ, ಹೊಸನಗರ, ತೀರ್ಥಹಳ್ಳಿಗಳನ್ನು ಇಂದಿಗೂ ಬಿಟ್ಟಿಲ್ಲ; 2019ರಲ್ಲಿ ಸಾಗರ ತಾಲೂಕಿನ ಅರಳಗೋಡು ಪಟ್ಟ ಪಾಡು ಮರೆಯುವಂತಹುದಲ್ಲ. ಈ ಜ್ವರಕ್ಕೆಂದೇ ಬೇರೆ ಮದ್ದಿಲ್ಲ. ದೇಹದ ನೀರು ಆರದಂತೆ ನೋಡುವುದು, ರಕ್ತಸ್ರಾವದ ಸುಳಿವಿಗಾಗಿ ಕಾದಿರುವುದು, ಇವೇ ಚಿಕಿತ್ಸೆಯ ಬಹುಭಾಗ. ಅವು ದಾದಿಯ ಕೈಯಲ್ಲಿವೆ. ಕಾಯಿಲೆಯು ಉಣುಗಿನಿಂದ ಬರುವುದೇ ಹೊರತು ರೋಗಿಯಿಂದ ಮತ್ತೊಬ್ಬರಿಗೆ ಹರಡದು. ಆದರೂ ಬಾಗಿಲಲ್ಲೇ ನಿಂತು ಕ್ಷೇಮ ವಿಚಾರಿಸುವ ಭಕ್ತರುಂಟು!

ರೋಗಿಯೂ ಜಂಗಮನೇ. ಅವನ ನಡೆ ನಿಂತಿದೆ, ನುಡಿ ನಿಂತಿಲ್ಲ. ಶುಶ್ರೂಷೆಯೆಂಬ ಶಬ್ದದ ಮೂಲಾರ್ಥವು ಕೇಳಬೇಕೆಂಬ ಇಚ್ಛೆ. ಸೇವೆಯೆಂಬ ಅರ್ಥವು ಆಮೇಲಿನದು. ದಾದಿಯರಿಗೆ ಪಾಠ ಹೇಳುವವರು ನಾಡಿ, ತಾಪಗಳನ್ನು ಅಳೆಯುವುದರೊಡನೆ ಇದನ್ನೂ ಕಲಿಸಲಿ. ಕಾಡಂಚಿನ ಮುದುಕಿಯೊಬ್ಬಳು "ಗಂಜಿ ಇರಲಿ ತಾಯಿ, ನನ್ನ ಮೊಮ್ಮಗ ಹೇಗಿದ್ದಾನೆ?" ಎಂದರೆ, ಬಟ್ಟಲನ್ನು ಕೆಳಗಿಟ್ಟು ಮೊದಲು ಅದಕ್ಕೆ ಉತ್ತರ ಹೇಳಬೇಕು. ಆರಿದ ಗಂಜಿಯನ್ನು ಮತ್ತೆ ಬಿಸಿಮಾಡಬಹುದು.