ಬಾಲಾಪರಾಧವೂ ಮಾಂಡವ್ಯನು ಕಟ್ಟಿದ ಮರ್ಯಾದೆಯೂ

ಮಹಾಭಾರತದ ಆದಿಪರ್ವದಲ್ಲಿ ಮಾಂಡವ್ಯ ಮಹರ್ಷಿಯ ಕಥೆಯೊಂದುಂಟು. ಕಳ್ಳರ ಸಂಗಡಿಗನೆಂಬ ಶಂಕೆಯಿಂದ ಅರಸನು ನಿರಪರಾಧಿಯಾದ ಆತನನ್ನು ಶೂಲಕ್ಕೇರಿಸಿದನು. ಋಷಿಯು ಯಮಧರ್ಮನನ್ನು ಕಾರಣ ಕೇಳಲು, ಬಾಲ್ಯದಲ್ಲಿ ಕೀಟಗಳಿಗೆ ಹುಲ್ಲುಕಡ್ಡಿ ಚುಚ್ಚಿದುದರ ಫಲವಿದೆಂದು ಉತ್ತರ ಬಂದಿತು. ಅಲ್ಪದೋಷಕ್ಕೆ ಅತಿದಂಡವನ್ನು ವಿಧಿಸಿದ ಧರ್ಮನೇ ಶಾಪಗ್ರಸ್ತನಾಗಿ ವಿದುರನಾಗಿ ಜನಿಸಬೇಕಾಯಿತು. ಹದಿನಾಲ್ಕು ವರ್ಷದವರೆಗಿನ ಕೃತ್ಯವು ಪಾತಕವಾಗದೆಂದು ಋಷಿಯು ಮರ್ಯಾದೆಯನ್ನು ಕಟ್ಟಿದನು. ತಾಳಮದ್ದಲೆಯಲ್ಲಿ ವಿದುರನ ನೀತಿಗೆ ತಲೆದೂಗುವ ಅಂಬಲಪಾಡಿ, ಉಡುಪಿಯ ಸೀಮೆಯ ನಾವು ಆತನ ಜನ್ಮಕಾರಣವನ್ನು ನೆನೆಯುವುದು ವಿರಳ.

ಈ ಸೀಮೆಯು ಮದರಾಸು ಆಧಿಪತ್ಯಕ್ಕೆ ಸೇರಿದ್ದಾಗ, 1920ರಲ್ಲಿ, ಮಕ್ಕಳ ಶಾಸನವೊಂದು ಹುಟ್ಟಿತು. ಅದೂ ಹದಿನಾಲ್ಕಕ್ಕೆ ಕೆಳಗಿನವರನ್ನೇ ಮಕ್ಕಳೆಂದು ಗಣಿಸಿತು. 2000ದ ಬಾಲನ್ಯಾಯ ಶಾಸನವು ಈ ಎಲ್ಲೆಯನ್ನು ಹುಡುಗರಿಗೂ ಹುಡುಗಿಯರಿಗೂ ಸಮನಾಗಿ ಹದಿನೆಂಟಕ್ಕೆ ಏರಿಸಿತು. 2012ರ ದೆಹಲಿಯ ಘೋರಕೃತ್ಯದಿಂದ ದೇಶವು ತಲ್ಲಣಿಸಿದ ಬಳಿಕ, 2015ರ ಶಾಸನವು ಹದಿನಾರು ತುಂಬಿದವರು ಅತಿಘೋರ ಅಪರಾಧವೆಸಗಿದರೆ, ಅವರ ಬುದ್ಧಿಬಲವನ್ನು ಪರೀಕ್ಷಿಸಿ, ವಯಸ್ಕರಂತೆ ವಿಚಾರಿಸಲು ಎಡೆಗೊಟ್ಟಿತು. ಆದರೆ ಮಗುವನ್ನು ನಿಲಯದಲ್ಲಿರಿಸುವುದು ಕಟ್ಟಕಡೆಯ ಉಪಾಯವೆಂಬ ತತ್ತ್ವವೂ ಅದೇ ಶಾಸನದಲ್ಲಿದೆ.

ಪರದೇಶಗಳ ಗತಿಯೂ ಅತ್ತಲೇ. ಅಮೆರಿಕದಲ್ಲಿ 2000ದಲ್ಲಿ ಲಕ್ಷಕ್ಕೂ ಮಿಕ್ಕಿದ್ದ ಇಂತಹ ನಿಲಯವಾಸಿಗಳು 2020ರಲ್ಲಿ ಸುಮಾರು 25,000ಕ್ಕೆ ಇಳಿದರು. ಬಾಗಿಲು ತೆರೆದರೆ ಬೀದಿಗಳು ದುಷ್ಟರಿಂದ ತುಂಬುವುವೆಂಬ ಭಯವು ನಿಜವಾಗಲಿಲ್ಲ. ಆ ಅವಧಿಯಲ್ಲಿ ಅಲ್ಲಿ ಕಿರಿಯರ ಬಂಧನಗಳೂ ಇಳಿದುವು. ಆದರೂ ಸಂಖ್ಯೆ ಇಳಿದ ಮಾತ್ರಕ್ಕೆ ಧರ್ಮವು ಗೆದ್ದಿತೆನ್ನಲಾಗದು. ನಿಲಯದಿಂದ ಹೊರಬಂದ ಹುಡುಗನಿಗೆ ಶಾಲೆಯಾಗಲಿ ಕಸುಬಾಗಲಿ ದೊರೆಯದಿದ್ದರೆ, ಆತನು ಲೆಕ್ಕದಿಂದ ತಪ್ಪಿಸಿಕೊಂಡನೇ ಹೊರತು ಕಷ್ಟದಿಂದಲ್ಲ.

ಇಲ್ಲೊಂದು ಆಕ್ಷೇಪವುಂಟು. ಹಾನಿಗೊಳಗಾದ ಮನೆಯವರ ಕಣ್ಣೀರು ಅಪರಾಧಿಯ ವಯಸ್ಸನ್ನು ನೋಡಿ ಕಡಿಮೆಯಾಗುವುದೆ? ಆಗದು. ಈ ಮಾತನ್ನು ಕರುಣೆಯ ಹೆಸರಿನಲ್ಲಿ ತಳ್ಳಿಹಾಕುವವನು ನ್ಯಾಯವನ್ನರಿಯನು. ಆದರೆ ಮಾಂಡವ್ಯನು ಮಗುವಿನ ಕೃತ್ಯವು ಒಳ್ಳೆಯದೆಂದು ವಾದಿಸಲಿಲ್ಲ, ದಂಡಕ್ಕೂ ಅಳತೆಯಿರಬೇಕೆಂದನು. ತಾನು ಮಾಡಿದ ಕೆಡುಕನ್ನು ತಾನೇ ಅರಿಯುವಂತೆ ಹುಡುಗನನ್ನು ಬೆಳೆಯಿಸುವುದು ನೊಂದವರಿಗೂ ಸಲ್ಲಬೇಕಾದ ಋಣವೇ. ಕಂಬಿಗಳ ಹಿಂದೆ ಕ್ರೌರ್ಯವನ್ನೇ ಕಲಿತವನು ನಾಳೆ ಇನ್ನೊಂದು ಮನೆಯನ್ನು ಅಳಿಸುವನು.

ಅವಧಿ ಮುಗಿದ ಬಾಲಕನ ಅಪರಾಧದ ದಾಖಲೆಯನ್ನು, ಕೆಲವು ಘೋರ ಪ್ರಸಂಗಗಳ ಹೊರತು, ನಾಶಗೊಳಿಸಬೇಕೆಂದು ಶಾಸನವು ವಿಧಿಸಿದೆ. ಕಾಗದವು ಮರೆತುದನ್ನು ನಮ್ಮ ನಾಲಗೆಗಳು ಮರೆಯುವುವೆ? ಮದುವೆಯ ಮಾತಿನಲ್ಲಿ, ಅಂಗಡಿಯ ಕೆಲಸ ಕೊಡುವಲ್ಲಿ, ಮಕ್ಕಳ ಸ್ನೇಹದಲ್ಲಿ ಆ ಹಳೆಯ ದೋಷವನ್ನು ಎತ್ತಿ ಆಡುವವರು ನಾವೇ. ನ್ಯಾಯಾಧೀಶನು ಬರೆಯದ ಶಿಕ್ಷೆಯನ್ನು ಊರು ಬರೆಯುತ್ತದೆ; ಅದಕ್ಕೆ ಅವಧಿಯೂ ಇಲ್ಲ, ಮೇಲ್ಮನವಿಯೂ ಇಲ್ಲ. ಅತಿದಂಡಕ್ಕಾಗಿ ಧರ್ಮದೇವತೆಯೇ ಶಾಪವನ್ನು ಹೊತ್ತನು. ಆ ಶಾಪದಿಂದ ಗೃಹಸ್ಥರಾದ ನಮಗೆ ವಿನಾಯಿತಿಯಿದೆಯೆಂದು ಯಾವ ಪುರಾಣವೂ ಹೇಳಿಲ್ಲ.