ಪರೀಕ್ಷಾಭೀತಿಯೂ ಲಿಂಗಧ್ಯಾನವೂ

ಮನಸ್ಸನ್ನು ನಿಲ್ಲಿಸುವುದು ನುರಿತ ಸಾಧಕರಿಗೂ ಸುಲಭವಲ್ಲ. ಹೀಗಿರಲು ಹದಿನೈದು ಹದಿನಾರರ ಮಕ್ಕಳಿಗೆ, ಅದೂ ಹತ್ತನೆಯ ಇಯತ್ತೆಯ ಪರೀಕ್ಷೆ ಸಮೀಪಿಸಿದಾಗ, ಧ್ಯಾನವನ್ನು ಹೇಳಿಕೊಡುವುದರಿಂದ ಪ್ರಯೋಜನವುಂಟೇ? ಮಕ್ಕಳೊಂದಿಗರಾದ ಸದ್ಭಕ್ತರೆಲ್ಲರೂ ವಿಚಾರಿಸತಕ್ಕ ವಿಷಯವಿದು.

ಪರೀಕ್ಷೆಯ ಭಯವು ಬಹುಮಟ್ಟಿಗೆ ಮುಂದೇನಾದೀತೋ ಎಂಬ ಕಲ್ಪನೆಯಿಂದ ಹುಟ್ಟುತ್ತದೆ. ಪುಸ್ತಕವು ಕಣ್ಣ ಮುಂದಿದ್ದರೂ ಮನವು ಫಲಿತಾಂಶದ ದಿನದಲ್ಲಿರುತ್ತದೆ. ಇಷ್ಟಲಿಂಗವನ್ನು ಎಡದ ಕರಸ್ಥಲದಲ್ಲಿರಿಸಿ ಅದರಲ್ಲಿ ದೃಷ್ಟಿಯಿಡುವಾಗಲೂ ಮನವು ಹರಿಯುತ್ತದೆ. ಹರಿದುದನ್ನು ಅರಿತು, ಹಳಿದುಕೊಳ್ಳದೆ, ಮರಳಿ ಲಿಂಗದೆಡೆಗೆ ತರಬೇಕು. ನೂರು ಸಲ ಹೋದರೆ ನೂರು ಸಲ ತರಬೇಕು. ಹೀಗೆ ತರುವುದೇ ಅಭ್ಯಾಸ. ಇದನ್ನು ಬಲ್ಲ ಬಾಲಕನು ಭಯದಿಂದಲೂ ಮನವನ್ನು ಮುಂದಿರುವ ಪಾಠಕ್ಕೆ ಮರಳಿಸಬಲ್ಲನು.

ಆದರೆ ಅಭ್ಯಾಸವು ಬಲವಂತದಿಂದ ಬರುವುದಲ್ಲ. ಬ್ರಿಟನ್ನಿನ 85 ಶಾಲೆಗಳಲ್ಲಿ 8,000ಕ್ಕೂ ಮಿಕ್ಕ ಮಕ್ಕಳನ್ನು ಪರಿಶೀಲಿಸಿದ ವಿದ್ವಾಂಸರು 2022ರಲ್ಲಿ ತಮ್ಮ ನಿರ್ಣಯವನ್ನು ಪ್ರಕಟಿಸಿದರು. ತರಗತಿಯಲ್ಲಿ ಧ್ಯಾನದ ಪಾಠ ಕೇಳಿದವರಿಗೆ ಕೇಳದವರಿಗಿಂತ ಹೆಚ್ಚಿನ ನೆಮ್ಮದಿಯೇನೂ ದೊರೆತಿರಲಿಲ್ಲ. ಬಹುಪಾಲು ಮಕ್ಕಳು ಮನೆಯಲ್ಲಿ ಅದನ್ನು ಆಚರಿಸಿಯೇ ಇರಲಿಲ್ಲ. ನಮ್ಮ ಇಂಡಿ, ಸಿಂದಗಿ ಸೀಮೆಯ ಒಕ್ಕಲಿಗರಿಗೆ ಇದು ಸೋಜಿಗವಲ್ಲ. ಹಿಂಗಾರಿಯ ಬಿಳಿಜೋಳವು ಎರೆಭೂಮಿಯು ಮೊದಲೇ ಹೀರಿಟ್ಟುಕೊಂಡ ತೇವದಿಂದ ಬೆಳೆಯುತ್ತದೆ. ನಿತ್ಯವೂ ಹತ್ತು ನಿಮಿಷ ಕುಳಿತ ಮನೆಯಲ್ಲಿ ಆ ತೇವವಿರುತ್ತದೆ. ಪರೀಕ್ಷೆಯ ಮುನ್ನಾದಿನ ಕೂಡ್ರಿಸಿದರೆ ಅದು ಎಲ್ಲಿಂದ ಬರಬೇಕು?

ಇನ್ನೊಂದು ಮಾತು. ಅಂಕಗಳಿಕೆಗಾಗಿಯೇ ಧ್ಯಾನ ಮಾಡಿಸಿದರೆ ಧ್ಯಾನವೂ ಮತ್ತೊಂದು ಪರೀಕ್ಷೆಯಾಗುತ್ತದೆ. 2024ರಲ್ಲಿ ಸರಕಾರವು ಹತ್ತನೆಯ ಇಯತ್ತೆಯ ಮಕ್ಕಳಿಗೆ ಮೂರು ಸಲ ಪರೀಕ್ಷೆ ಬರೆಯುವ ಅವಕಾಶವನ್ನಿತ್ತಿತು. ಸರಕಾರವೇ ಇಷ್ಟು ಸಡಿಲ ಬಿಟ್ಟಿರುವಾಗ ಹೆತ್ತವರು ನೆರೆಮನೆಯವರ ಮಗನ ಅಂಕಗಳನ್ನು ದಿನವೂ ಎಣಿಸಿ ತೋರಿಸಿದರೆ, ಮುಂಜಾನೆಯ ಧ್ಯಾನವನ್ನು ಸಂಜೆಯ ನಾಲಗೆಯು ಕೆಡಿಸಿದಂತಾಯಿತು. ಓದು ವಿದ್ಯಾರ್ಥಿಯ ಕಾಯಕ. ಕಾಯಕದಲ್ಲಿ ನಿಷ್ಠೆಯನ್ನು ಬಯಸೋಣ. ಫಲದಿಂದ ಮಗುವಿನ ಯೋಗ್ಯತೆಯನ್ನು ಅಳೆಯದಿರೋಣ.

ಮಗುವು ನಿದ್ರಾಹಾರಗಳನ್ನು ತೊರೆದು, ಬದುಕೇ ಬೇಡವೆಂದು ನುಡಿದರೆ ಧ್ಯಾನವೊಂದನ್ನೇ ನಂಬಿ ಕೂಡಬಾರದು. ಕೂಡಲೇ ವೈದ್ಯರಲ್ಲಿಗೆ ಕರೆದೊಯ್ಯಬೇಕು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರಕಾರಿ ಸೇವೆಯು 14416 ಸಂಖ್ಯೆಯಲ್ಲಿ ಉಚಿತವಾಗಿ ಸಲಹೆ ನೀಡುತ್ತದೆ. ಔಷಧವನ್ನು ಅರಸುವುದು ಭಕ್ತಿಗೆ ಕುಂದಲ್ಲ.

ಆದುದರಿಂದ ಸದ್ಭಕ್ತರು ಮಕ್ಕಳಿಗೆ ಧ್ಯಾನವನ್ನು ವಿಧಿಸುವ ಮೊದಲು ತಾವು ಲಿಂಗದ ಮುಂದೆ ಕೂಡಬೇಕು. ಮಗನ ಫಲಿತಾಂಶದ ಕಡೆಗೆ ಓಡುವ ತಮ್ಮ ಮನವನ್ನೇ ಮೊದಲು ಮರಳಿ ತರಬೇಕು. ತಂದೆತಾಯಿಗಳ ಶಾಂತಿಯೇ ಮಕ್ಕಳಿಗೆ ಮೊದಲ ದೀಕ್ಷೆ.